ಫೆರೆಟ್ ಮೂಗು ಕಟ್ಟಿದರೆ ವಿಕ್ಸ್ ಬೇಡ, ಮಕ್ಕಳ ಸಿರಪ್ಪೂ ಬೇಡ

ಚಳಿ ಶುರುವಾಯಿತೆಂದರೆ ಫೆರೆಟ್ (ಮುಂಗುಸಿಯಂತೆ ಕಾಣುವ ಉದ್ದ ಮೈಯ ಸಾಕುಪ್ರಾಣಿ) ಸಾಕಿದವರು ಒಂದೇ ಮಾತು ಕೇಳುತ್ತಾರೆ: ‘ಮೂಗು ಕಟ್ಟಿದೆ, ಮನೆಯಲ್ಲಿರುವ ಔಷಧಿಯಲ್ಲಿ ಯಾವುದು ಕೊಡಬಹುದು?’ ಎಷ್ಟು ಸಲ ಹೇಳಿದರೂ ಮೊದಲು ಕೊಟ್ಟು ಆಮೇಲೆ ಕೇಳುವವರೇ ಜಾಸ್ತಿ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ. ಗೂಡು, ಊಟ, ಸ್ನಾನದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅಷ್ಟು ತಿಳಿಯದೆ ಯಾರೂ ಫೆರೆಟ್ ಮನೆಗೆ ತರಬಾರದು.

ಪ್ರಶ್ನೆ: ಡಾಕ್ಟ್ರೇ, ನನಗೂ ಮಗಳಿಗೂ ಜ್ವರ, ನೆಗಡಿ ಆಗಿತ್ತು. ಈಗ ನಮ್ಮ ಫೆರೆಟ್ ಸೀನ್ಲಿಕತ್ತದ, ಮೂಗು ಕಟ್ಟ್ಯದ, ಸರಿಯಾಗಿ ತಿನ್ನವಲ್ದು. ಎದೆಗೆ ವಿಕ್ಸ್ ಹಚ್ರಿ ಅಂತ ಮಾರಿದ ಅಂಗಡಿಯವರು ಹೇಳ್ಯಾರ. ಮಗಳ ನೆಗಡಿ ಸಿರಪ್ ಅರ್ಧ ಎಂಎಲ್ ಕೊಡ್ಬೇಕೇನ್ರಿ? (ಬೀದರ್)

ಕೊಡಬೇಡಿ. ಹಚ್ಚಲೂ ಬೇಡಿ. ಈಗಾಗಲೇ ಕೊಟ್ಟಿದ್ದರೆ ಓದುವುದನ್ನು ಇಲ್ಲಿಗೇ ಬಿಟ್ಟು, ಬಾಟಲಿ ಜೊತೆಗಿಟ್ಟುಕೊಂಡು ಪಶುವೈದ್ಯರ ಹತ್ತಿರ ಓಡಿ.

ಆ ಬಾಟಲಿಯ ಹಿಂದೆ ಏನು ಬರೆದಿದೆ ನೋಡಿ. ಸಾಮಾನ್ಯವಾಗಿ ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಇರುತ್ತವೆ, ಒಂದು ಸೀನು ತಡೆಯಲು, ಇನ್ನೊಂದು ಮೂಗು ಬಿಡಿಸಲು. ಎಷ್ಟೋ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ. ಮೊದಲ ಎರಡನ್ನು ಬೆರೆಸಿದ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ ಮೇಲೆ ಹಾಕಬೇಕು ಅಂತ ದೇಶದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ. ನಿಮ್ಮ ಫೆರೆಟ್ ತೂಗುವುದು ಹೆಚ್ಚುಕಮ್ಮಿ ಒಂದು ಕಿಲೋ. ಪ್ಯಾರಾಸಿಟಮಾಲನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಕಡಿಮೆ, ಫೆರೆಟ್ ಲಿವರಿಗೂ ಕಡಿಮೆ. ಜ್ವರ, ನೋವಿಗೆ ನಾವು ನುಂಗುವ ಐಬುಪ್ರೊಫೆನ್ ಅದರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ಮೂಗಿಗೆ ಬಿಡುವ ಡ್ರಾಪ್ಸ್ ನಾವು ಬಳಸಿದರೆ ಒಂದೆರಡು ಹನಿ ಅಷ್ಟೇ. ಅಷ್ಟು ಸಣ್ಣ ಪ್ರಾಣಿಯ ಹೃದಯದ ಬಡಿತ ಇಳಿಯಲು ಅದೂ ಸಾಕು.

ವಿಕ್ಸ್‌ನಲ್ಲಿ ಕರ್ಪೂರ, ಮೆಂಥಾಲ್, ನೀಲಗಿರಿ ಎಣ್ಣೆ ಇವೆ. ಫೆರೆಟ್ ತನ್ನ ಮೈ ತಾನೇ ನೆಕ್ಕಿಕೊಳ್ಳುತ್ತದೆ. ಎದೆಗೆ ಹಚ್ಚಿದ್ದು ಸ್ವಲ್ಪ ಹೊತ್ತಿನಲ್ಲಿ ಹೊಟ್ಟೆ ಸೇರುತ್ತದೆ, ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಿಸುತ್ತದೆ. ಮೆಂಥಾಲ್ ಮೂಗು ಬಿಟ್ಟ ಹಾಗೆ ಅನ್ನಿಸುವಂತೆ ಮಾಡುತ್ತದೆ, ನಿಜವಾಗಿ ಬಿಡಿಸುವುದಿಲ್ಲ. ಪ್ರಾಣಿ ಮಾರುವವರು ವೈದ್ಯರಲ್ಲ. ಔಷಧಿಯ ಮಾತು ಅವರ ಬಾಯಲ್ಲಿ ಬಂದರೆ ಕೇಳಿಸಿಕೊಳ್ಳಲೇಬೇಡಿ. ಇಂಥ ಸಲಹೆ ನಂಬಿ ಜನ ಸಾಯುವ ಹಂತದ ಪ್ರಾಣಿಯನ್ನು ಎತ್ತಿಕೊಂಡು ಬರುವುದನ್ನು ನೋಡಿದರೆ ನನಗೆ ತಡೆಯಲಾರದ ಸಿಟ್ಟು ಬರುತ್ತದೆ.

ಇನ್ನು, ಈ ರೋಗ ಅದಕ್ಕೆ ನಿಮ್ಮಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ಮನುಷ್ಯರ ಫ್ಲೂ ಫೆರೆಟ್‌ಗೆ ಸಲೀಸಾಗಿ ಅಂಟುತ್ತದೆ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಫ್ಲೂ ರೋಗಿಗಳ ಗಂಟಲು ತೊಳೆದ ನೀರನ್ನು ಫೆರೆಟ್ ಮೂಗಿಗೆ ಬಿಟ್ಟೇ ಮನುಷ್ಯರ ಫ್ಲೂ ವೈರಸ್ ಕಂಡುಹಿಡಿದರು. ಆಮೇಲೆ ಒಂದು ಫೆರೆಟ್ ಅವರಲ್ಲೊಬ್ಬರ ಮುಖಕ್ಕೇ ಸೀನಿತು, ಅವರಿಗೂ ಫ್ಲೂ ಬಂತು. ಅಂದರೆ ನೀವು ಕೊಟ್ಟದ್ದು ತಿರುಗಿ ನಿಮಗೇ ಬರಬಹುದು. ಜ್ವರ ಇದ್ದವರು ಅದನ್ನು ಮುಟ್ಟಬೇಡಿ. ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲದಿದ್ದರೆ ಮಾಸ್ಕ್ ಹಾಕಿ, ಕೈ ತೊಳೆದು ಮುಟ್ಟಿ.

ಸಾದಾ ಫ್ಲೂ ಆದರೆ ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಅಲ್ಲಿಯವರೆಗೆ ಉಸಿರಾಟ ಹಗುರಾಗುವಂತೆ ನೋಡಿಕೊಳ್ಳಬೇಕು. ಬಚ್ಚಲಮನೆ ಬಾಗಿಲು ಹಾಕಿ, ಬಿಸಿನೀರು ಬಿಟ್ಟು ಗಾಳಿ ತೇವವಾಗಲಿ. ಪ್ರಾಣಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ನೀರಿನಿಂದ ದೂರ, ಹತ್ತು ನಿಮಿಷ ಜೊತೆಗೇ ಕೂಡಿ. ಮುಖಕ್ಕೆ ಹಬೆ ಹಿಡಿಯಬೇಡಿ, ನೀರಿಗೆ ಏನೂ ಹಾಕಬೇಡಿ. ಫೆರೆಟ್ ನಮ್ಮ ಹಾಗೆ ಬೆವರಿ ಮೈ ತಂಪು ಮಾಡಿಕೊಳ್ಳಲಾರದು, 32 ಡಿಗ್ರಿ ದಾಟಿದರೇ ಅದಕ್ಕೆ ಅಪಾಯ. ಬೀದರಿನ ಚಳಿಗಾಲಕ್ಕೆ ಸರಿ, ಕಲಬುರಗಿಯ ಬೇಸಿಗೆಯಲ್ಲಿ ಈ ಉಪಾಯ ಬೇಡವೇ ಬೇಡ. ಮೂಗಿನ ಮೇಲೆ ಒಣಗಿ ಗಟ್ಟಿಯಾದದ್ದನ್ನು ಸಲೈನ್‌ನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ.

ಮೂಗು ಕಟ್ಟಿದರೆ ವಾಸನೆ ಗೊತ್ತಾಗುವುದಿಲ್ಲ, ಅದಕ್ಕೇ ತಿನ್ನುತ್ತಿಲ್ಲ. ಮಾಂಸದ ಊಟವನ್ನು ಉಗುರುಬೆಚ್ಚಗೆ ಮಾಡಿ ಕೊಡಿ. ಉಪ್ಪು, ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ ಬೀಳದ ಕೋಳಿ ಸಾರೂ ಆಗುತ್ತದೆ. ತಿಂದದ್ದು ಅದರ ಕರುಳಿನಲ್ಲಿ ಮೂರು ನಾಲ್ಕು ಗಂಟೆಯಲ್ಲೇ ಸಾಗಿಬಿಡುತ್ತದೆ. ಹಾಗಾಗಿ ಅರ್ಧ ದಿನ ಏನೂ ಮುಟ್ಟದಿದ್ದರೆ ನಾಳೆ ನೋಡೋಣ ಅನ್ನಬೇಡಿ.

ನಾನು ಭಯಪಡುವುದು ಡಿಸ್ಟೆಂಪರ್‌ಗೆ. ನಾಯಿಗಳಿಗೆ ಬರುವ ಅದೇ ರೋಗ. ಅದು ಹತ್ತಿದ ಫೆರೆಟ್ ಉಳಿಯುವುದಿಲ್ಲ ಅಂತಲೇ ಹೇಳಬೇಕು. ಕಣ್ಣು, ಮೂಗಿನಿಂದ ದಪ್ಪ ಅಂಟು ಕೀವು, ಗದ್ದದ ಕೆಳಗೆ ಗುಳ್ಳೆ, ಪಾದದ ಅಡಿ ಗಟ್ಟಿಯಾಗುವುದು, ಇವು ಅದರ ಗುರುತು. ಕಂಡರೆ ಉಳಿದ ಪ್ರಾಣಿಗಳಿಂದ ತಕ್ಷಣ ಬೇರೆ ಇಡಿ, ತೋರಿಸಿ. ಬಾಯಿ ತೆರೆದು ಉಸಿರಾಡುವುದು, ಹೊಟ್ಟೆ ಎಳೆದೆಳೆದು ಉಸಿರು ತೆಗೆಯುವುದು, ಒಸಡು ನೀಲಿಯಾಗುವುದು ಕಂಡರೆ ನನಗೆ ಪತ್ರ ಬರೆಯುತ್ತಾ ಕೂಡಬೇಡಿ. ಪಶುವೈದ್ಯಕೀಯ ವಿಶ್ವವಿದ್ಯಾಲಯ ನಿಮ್ಮೂರಲ್ಲೇ, ನಂದಿನಗರದಲ್ಲೇ ಇದೆಯಲ್ವಾ? ಅಲ್ಲಿಗೆ ಹೋಗಿ.

ಪ್ರಶ್ನೆ: ಹೋದ ಸಲ ನಾಯಿಗೆ ಕೊಟ್ಟ ಆಂಟಿಬಯೋಟಿಕ್ ಉಳಿದಿದೆ. ಫೆರೆಟ್‌ಗೆ ಕೊಡಬಹುದಾ? (ಆಳಂದ)

ಇಲ್ಲ. ಫ್ಲೂ ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ.

ಪ್ರಶ್ನೆ: ತುಳಸಿ, ಶುಂಠಿ, ಜೇನಿನ ಕಷಾಯ? (ಸುರಪುರ)

ಬೇಡ. ಅದು ಮಾಂಸ ತಿನ್ನುವ ಪ್ರಾಣಿ, ಸಿಹಿ ಅದಕ್ಕಲ್ಲ.

ಪ್ರಶ್ನೆ: ಹೊಲದಲ್ಲಿ ಮುಂಗುಸಿ ಮರಿ ಸಿಕ್ಕಿದೆ, ಫೆರೆಟ್ ತರ ಸಾಕಬಹುದಾ? (ಯಾದಗಿರಿ)

1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಇವತ್ತೇ ಅರಣ್ಯ ಇಲಾಖೆಗೆ ತಿಳಿಸಿ.

ಪ್ರಶ್ನೆ: ಜ್ವರ ಇಲ್ಲ, ಚೆನ್ನಾಗಿ ತಿನ್ನುತ್ತದೆ, ಆದರೂ ವರ್ಷವಿಡೀ ಸೀನು. ಅಲರ್ಜಿ ಮಾತ್ರೆ ಹೇಳಿ. (ಶಹಾಬಾದ್)

ಮಾತ್ರೆ ಕೇಳುವ ಮೊದಲು ಮನೆಯ ಗಾಳಿ ನೋಡಿ. ನಿಮ್ಮೂರಲ್ಲಿ ಫರಸಿ ಕಲ್ಲಿನ ಧೂಳು ಎಲ್ಲೆಲ್ಲೂ ಇರುತ್ತದೆ. ಗೂಡು ಬೀದಿ ಬದಿ ಕಿಟಕಿಯ ಹತ್ತಿರ ಇದ್ದರೆ ಒಳಕೋಣೆಗೆ ಸರಿಸಿ, ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಕೂಲರ್ ಪ್ಯಾಡ್ ಮುಗ್ಗಲು ವಾಸನೆ ಬಂದರೆ ಬದಲಿಸಿ. ಅದರ ಬೂಸ್ಟು ಗಾಳಿಯ ಜೊತೆ ನೇರ ಮೂಗಿಗೆ ಬರುತ್ತದೆ. ಊದಿನಕಡ್ಡಿ, ಲೋಬಾನ, ಸೊಳ್ಳೆ ಬತ್ತಿ, ಸಿಗರೇಟು ಆ ಕೋಣೆಯಲ್ಲಿ ಬೇಡ. ಪೈನ್ ಮರದ ಹೊಟ್ಟು ಹಾಸಿದ್ದರೆ ತೆಗೆದು ಹಳೆಯ ಹತ್ತಿ ಬಟ್ಟೆ ಹಾಸಿ. ಇಷ್ಟು ಮಾಡಿದ ಮೇಲೂ ಸೀನು ನಿಲ್ಲದಿದ್ದರೆ ತೋರಿಸಿ.

ಪ್ರಶ್ನೆ: ನಾಯಿಯ ಡಿಸ್ಟೆಂಪರ್ ಲಸಿಕೆಯನ್ನೇ ಹಾಕಿಸಲೇ? (ಸೇಡಂ)

ಸಿಕ್ಕಿದ್ದನ್ನು ಹಾಕಿಸಬೇಡಿ. ಜೀವಂತ ವೈರಸ್ ಇರುವ ಕೆಲವು ಲಸಿಕೆಗಳಿಂದ ಫೆರೆಟ್‌ಗೆ ಆ ರೋಗವೇ ಬರಬಹುದು. ಯಾವುದು ಅಂತ ಫೆರೆಟ್ ನೋಡಿ ಗೊತ್ತಿರುವ ಪಶುವೈದ್ಯರೇ ಹೇಳಬೇಕು.

ಪ್ರಶ್ನೆ: ನಮ್ಮದಕ್ಕೆ ಐದು ವರ್ಷ. ಸೀನು ಇಲ್ಲ, ಬರೀ ಕೆಮ್ಮು, ಬೇಗ ಸುಸ್ತು. ನೆಗಡಿ ಎದೆಗೆ ಇಳಿದಿರಬಹುದಾ? (ಕಲಬುರಗಿ)

ಈ ವಯಸ್ಸಿನಲ್ಲಿ ನಾನು ಮೊದಲು ಯೋಚಿಸುವುದು ಹೃದಯದ ಬಗ್ಗೆ. ಕೆಮ್ಮುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಮಲಗಿದಾಗ ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ ಬರೆದಿಡಿ. ಎರಡನ್ನೂ ತೆಗೆದುಕೊಂಡು ಎದೆಯ ಎಕ್ಸ್‌ರೇ ಇರುವ ಕಡೆ ಈ ವಾರದಲ್ಲೇ ಹೋಗಿ.