ಓದುಗರ ಪ್ರಶ್ನೆ, ನಮ್ಮ ಉತ್ತರ: ಹಿತ್ತಲಿನ ಹಕ್ಕಿಗಳನ್ನು ಎಣಿಸುವ ಬಗೆ

ಪ್ರಶ್ನೆ: ನಮ್ಮ ಹಿತ್ತಲಿನಲ್ಲಿ ಪೇರಲೆ, ದಾಸವಾಳ ಮತ್ತು ಎರಡು ಮಾವಿನ ಮರಗಳಿವೆ. ಫೆಬ್ರವರಿಯ ಪಕ್ಷಿ ಗಣತಿಗೆ ಈ ಸಲ ನಾನೂ ಪಟ್ಟಿ ಸಲ್ಲಿಸಬೇಕೆಂದಿದ್ದೇನೆ. ಆದರೆ ಅರ್ಧ ಗಂಟೆಯೊಳಗೆ ಪಿಕಳಾರಗಳು ಪೇರಲೆ ಮರಕ್ಕೆ ಹತ್ತಾರು ಸಲ ಬಂದುಹೋಗುತ್ತವೆ. ಬಂದವೇ ಮತ್ತೆ ಬರುತ್ತಿವೆಯೋ, ಬೇರೆಯವು ಬರುತ್ತಿವೆಯೋ ತಿಳಿಯುವುದಿಲ್ಲ. ಒಮ್ಮೆಗೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನಷ್ಟೇ ಬರೆಯಬೇಕು, ಮೇಲೆ ಹಾರಿಹೋದವನ್ನು ಸೇರಿಸಬಾರದು ಎಂದು ಇಂಗ್ಲೆಂಡಿನಲ್ಲಿರುವ ಮಗಳು ಹೇಳುತ್ತಾಳೆ. ನಮ್ಮಲ್ಲಿಯೂ ಅದೇ ನಿಯಮವೇ? ದಿನಾ ಕಾಣುವ ಕಾಗೆ, ಮೈನಾಗಳನ್ನೂ ಬರೆಯಬೇಕೇ?
— ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಮಗಳು ಹೇಳುತ್ತಿರುವುದು ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆಯಾದ ಆರ್‌ಎಸ್‌ಪಿಬಿ 1979ರಿಂದ ನಡೆಸಿಕೊಂಡು ಬಂದಿರುವ ‘ಬಿಗ್ ಗಾರ್ಡನ್ ಬರ್ಡ್‌ವಾಚ್’ ಗಣತಿಯ ನಿಯಮ. ಅಲ್ಲಿ ಜನವರಿಯ ಕೊನೆಯ ವಾರಾಂತ್ಯದಲ್ಲಿ ಒಂದು ಗಂಟೆ ಕುಳಿತು, ತೋಟಕ್ಕೆ ಬಂದಿಳಿದ ಹಕ್ಕಿಗಳನ್ನು ಮಾತ್ರ ಲೆಕ್ಕ ಹಿಡಿಯುತ್ತಾರೆ. ನೀವು ಸೇರಲಿರುವುದು ಫೆಬ್ರವರಿಯ ನಡುವೆ ನಾಲ್ಕು ದಿನ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’. ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ಇದು 2013ರಿಂದ ಎಲ್ಲ ದೇಶಗಳಿಗೂ ತೆರೆದುಕೊಂಡಿದೆ. ಪಟ್ಟಿಗಳನ್ನು ‘ಇ-ಬರ್ಡ್’ ಜಾಲತಾಣದಲ್ಲಿ ದಾಖಲಿಸಬೇಕು. ಕನಿಷ್ಠ 15 ನಿಮಿಷ ನೋಡಬೇಕು ಎಂಬುದನ್ನು ಬಿಟ್ಟರೆ ಕಾಲಮಿತಿಯ ಕಟ್ಟುಪಾಡಿಲ್ಲ. ಮೇಲೆ ಹಾರಿಹೋದ ಗರುಡವನ್ನೂ, ಕಣ್ಣಿಗೆ ಬೀಳದೆ ಎಲೆಗಳ ಮರೆಯಿಂದ ಕೂಗಿದ ಕುಟ್ರನ ಹಕ್ಕಿಯನ್ನೂ ಇಲ್ಲಿ ಸೇರಿಸಬಹುದು.

ಪಿಕಳಾರದ ವಿಷಯದಲ್ಲಿ ಮಾತ್ರ ನಿಮ್ಮ ಮಗಳ ನಿಯಮ ನಿಮಗೂ ಒಳ್ಳೆಯದೇ. ಎರಡು ಬಂದು ಹೋಗಿ, ಮತ್ತೆ ಮೂರು ಬಂದು ಹೋಗಿ, ಮತ್ತೆ ಎರಡು ಬಂದರೆ ಏಳು ಎಂದು ಬರೆಯಬಾರದು. ಅವು ಬೇರೆ ಬೇರೆ ಹಕ್ಕಿಗಳೆಂದು ಹೇಳಲು ಆಧಾರವಿಲ್ಲದಿರುವಾಗ ಒಮ್ಮೆಗೆ ಕಂಡ ಮೂರೇ ನಿಮ್ಮ ಸಂಖ್ಯೆ. ಆಧಾರವಿದ್ದಲ್ಲಿ ಕೂಡಿಸಬೇಕು. ಮೊದಲು ಕೆಂಗಣ್ಣಿನ ಕಪ್ಪು ಗಂಡು ಕೋಗಿಲೆ ಕಂಡು, ಹತ್ತು ನಿಮಿಷದ ಬಳಿಕ ಮೈಯೆಲ್ಲ ಬಿಳಿ ಚುಕ್ಕೆಯ ಕಂದು ಬಣ್ಣದ ಹೆಣ್ಣು ಕಂಡರೆ ಅವು ಎರಡೇ ಹಕ್ಕಿಗಳು, ಒಟ್ಟಿಗೆ ಕಾಣಲಿಲ್ಲವೆಂದು ಒಂದನ್ನು ಬಿಡಬೇಕಾಗಿಲ್ಲ. ಪೇರಲೆಗೆ ಬರುವ ಪಿಕಳಾರಗಳಲ್ಲಿಯೂ ಎರಡು ಜಾತಿಗಳಿರಬಹುದು: ಚೂಪಾದ ನೆಟ್ಟನೆಯ ಜುಟ್ಟಿದ್ದು ಕಣ್ಣಿನ ಹಿಂದೆ ಕೆಂಪು ಮಚ್ಚೆ ಇರುವುದು ಒಂದು, ತಲೆಯೆಲ್ಲ ಕಪ್ಪಾಗಿ, ಬಾಲದ ಬುಡದಲ್ಲಿ ಮಾತ್ರ ಕೆಂಪಿರುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿಯೇ ಎಣಿಸಿ.

ಇನ್ನು ಕಾಗೆ, ಮೈನಾಗಳ ಮಾತು. ಇದನ್ನು ನೀವು ಕೇಳಿದ್ದು ನನಗೆ ಬಹಳ ಸಂತೋಷ ತಂದಿದೆ, ಏಕೆಂದರೆ ಇಡೀ ಗಣತಿ ನಿಂತಿರುವುದೇ ಇದರ ಮೇಲೆ. ಪಟ್ಟಿ ಸಲ್ಲಿಸುವ ಮುನ್ನ, ನೀವು ಗುರುತಿಸಬಲ್ಲ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಎಂದು ತಾಣವು ಕೇಳುತ್ತದೆ. ಹೌದು ಎಂದು ನೀವು ಪ್ರಾಮಾಣಿಕವಾಗಿ ಉತ್ತರಿಸಿದಾಗ, ಪಟ್ಟಿಯಲ್ಲಿಲ್ಲದ ಹಕ್ಕಿ ಆ ಹೊತ್ತಿನಲ್ಲಿ ನಿಮಗೆ ಸಿಗಲಿಲ್ಲ ಎಂಬುದೂ ದಾಖಲಾಗುತ್ತದೆ. ಇಂಥ ಪೂರ್ಣ ಪಟ್ಟಿಗಳಲ್ಲಿ ನೂರಕ್ಕೆ ಎಷ್ಟರಲ್ಲಿ ಒಂದು ಜಾತಿ ಕಾಣಿಸಿಕೊಂಡಿದೆ, ವರ್ಷದಿಂದ ವರ್ಷಕ್ಕೆ ಆ ಪ್ರಮಾಣ ಏರಿದೆಯೋ ಇಳಿದಿದೆಯೋ ಎಂದು ನೋಡಿಯೇ ಆ ಜಾತಿಯ ಸ್ಥಿತಿಗತಿಯನ್ನು ಅಂದಾಜು ಮಾಡುತ್ತಾರೆ. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಗಳನ್ನು ಪರಿಶೀಲಿಸಿ, 178 ಜಾತಿಗಳಿಗೆ ಹೆಚ್ಚಿನ ಸಂರಕ್ಷಣಾ ಆದ್ಯತೆ ಬೇಕೆಂದು ಗುರುತಿಸಿದ್ದು 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರ ಸುಮಾರು ಮೂರು ಕೋಟಿ ದಾಖಲೆಗಳ ಆಧಾರದಿಂದ. ಕಾಗೆ ದಿನವೂ ಇರುತ್ತದಲ್ಲ ಎಂದು ಎಲ್ಲರೂ ಬಿಟ್ಟುಬಿಟ್ಟರೆ, ಮುಂದೊಂದು ದಿನ ಅದು ನಿಜವಾಗಿಯೂ ಕಡಿಮೆಯಾದಾಗ ತೋರಿಸಲು ಯಾರ ಬಳಿಯೂ ಲೆಕ್ಕವಿರುವುದಿಲ್ಲ. ಅಪರೂಪದ ಹಕ್ಕಿ ಕಂಡ ದಿನ ಮಾತ್ರ ಪಟ್ಟಿ ಬರೆಯುವ ಅಭ್ಯಾಸವನ್ನು ದಯವಿಟ್ಟು ಬೆಳೆಸಿಕೊಳ್ಳಬೇಡಿ; ನಾಲ್ಕೇ ಜಾತಿ ಕಂಡ ಮಂಕು ಬೆಳಗಿನ ಪಟ್ಟಿಗೂ ಅಷ್ಟೇ ಬೆಲೆಯಿದೆ.

ಪ್ರಶ್ನೆ: ದಾಸವಾಳಕ್ಕೆ ಬರುವ ಸೂರಕ್ಕಿಗಳಲ್ಲಿ ಗಂಡನ್ನು ಗುರುತಿಸುತ್ತೇನೆ, ಹೆಣ್ಣು ಯಾವ ಜಾತಿಯದೆಂದು ತಿಳಿಯುವುದಿಲ್ಲ. ಮೊಬೈಲಿನ ‘ಮರ್ಲಿನ್’ ಆ್ಯಪ್ ದನಿ ಕೇಳಿ ಹೇಳುವ ಹೆಸರನ್ನು ಹಾಗೆಯೇ ಬರೆಯಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಹೆಣ್ಣು ಸೂರಕ್ಕಿಯ ಗಂಟಲನ್ನು ನೋಡಿ. ಗಂಟಲು ಬೂದು ಬೆರೆತ ಬಿಳಿಯಾಗಿದ್ದು, ಎದೆಯಿಂದ ಕೆಳಗೆ ಹಳದಿ ಇದ್ದರೆ ಅದು ‘ಪರ್ಪಲ್-ರಂಪ್ಡ್’ ಸೂರಕ್ಕಿ. ಗಂಟಲಿನಿಂದಲೇ ತಿಳಿ ಹಳದಿ ಇಳಿದುಬಂದಿದ್ದರೆ ‘ಪರ್ಪಲ್’ ಸೂರಕ್ಕಿ. ಹೆಣ್ಣಿನಂತೆಯೇ ಕಂಡರೂ ಗಂಟಲಿನಿಂದ ಹೊಟ್ಟೆಯವರೆಗೆ ಕಪ್ಪು ಪಟ್ಟೆಯೊಂದು ಇದ್ದರೆ, ಅದು ಸಂತಾನಕಾಲ ಮುಗಿದು ಬಣ್ಣ ಕಳಚಿಕೊಂಡ ‘ಪರ್ಪಲ್’ ಗಂಡು. ಗಂಟಲು ಕಾಣುವಷ್ಟರಲ್ಲಿ ಹಾರಿಹೋಯಿತೆಂದರೆ, ಜಾತಿ ನಮೂದಿಸದೆ ‘ಸೂರಕ್ಕಿ’ ಎಂದಷ್ಟೇ ದಾಖಲಿಸಲು ತಾಣದಲ್ಲಿ ಅವಕಾಶವಿದೆ. ಊಹಿಸಿ ಬರೆದ ಜಾತಿಗಿಂತ ಅದು ಎಷ್ಟೋ ಮೇಲು.

ಆ್ಯಪ್ ಹೇಳಿದ್ದನ್ನು ಸುಳಿವೆಂದು ತಿಳಿಯಿರಿ, ಸಾಕ್ಷ್ಯವೆಂದಲ್ಲ. ಮರಗಳು ದಟ್ಟವಾಗಿರುವ ಬಡಾವಣೆಗಳಿಗೆ ಬರುವ ಎಲೆಹಕ್ಕಿ ಬೇರೆ ಹಕ್ಕಿಗಳ ಕೂಗನ್ನು ಚೆನ್ನಾಗಿ ಅನುಕರಿಸುತ್ತದೆ. ಅದು ಆಡಿದ ಕಾಜಾಣದ ದನಿಗೆ ಆ್ಯಪ್ ಕಾಜಾಣದ ಹೆಸರನ್ನೇ ತೋರಿಸಬಹುದು. ಹೆಸರು ಬಂದೊಡನೆ ದನಿಯ ಜಾಡು ಹಿಡಿದು ಹಕ್ಕಿಯನ್ನು ಹುಡುಕಿ. ಕಂಡರೆ, ಇಲ್ಲವೇ ಆ ದನಿ ನಿಮ್ಮ ಕಿವಿಗೆ ಪಕ್ಕಾ ಪರಿಚಿತವಾಗಿದ್ದರೆ ಬರೆಯಿರಿ. ನಿಮ್ಮ ಊರಿಗೆ ಈ ಕೆಲಸ ಹೊಸದೂ ಅಲ್ಲ. ನಗರವನ್ನು ಚೌಕಗಳಾಗಿ ವಿಂಗಡಿಸಿ, ಬೇಸಿಗೆ ಮತ್ತು ಚಳಿಗಾಲಗಳಲ್ಲಿ ಹಕ್ಕಿಗಳನ್ನು ಎಣಿಸಿ ಮೈಸೂರಿನ ಹವ್ಯಾಸಿಗಳು 2014ರಿಂದ 2016ರವರೆಗೆ ನಗರದ ಪಕ್ಷಿ ಅಟ್ಲಾಸನ್ನೇ ಸಿದ್ಧಪಡಿಸಿದ್ದಾರೆ.

ಪ್ರಶ್ನೆ: ಗುಬ್ಬಚ್ಚಿಗಳು ಬರಲೆಂದು ತಾರಸಿಯ ಮೇಲೆ ಅಕ್ಕಿ, ನವಣೆ ಹಾಕುತ್ತೇನೆ. ಬರುವುದು ಪಾರಿವಾಳಗಳೇ. ಕಾಳು ಹಾಕಿ ಎಣಿಸಿದರೆ ಲೆಕ್ಕ ಕೆಡುತ್ತದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಲೆಕ್ಕ ಕೆಡುವುದಿಲ್ಲ, ಕಾಳು ಹಾಕಿದ್ದನ್ನು ಟಿಪ್ಪಣಿಯಲ್ಲಿ ಬರೆದರಾಯಿತು. ಆದರೆ ಕಾಳಿನಿಂದ ಗುಬ್ಬಚ್ಚಿಯ ಸಂಸಾರ ನಡೆಯುವುದಿಲ್ಲ. ಮರಿಗಳಿಗೆ ತಾಯಿ-ತಂದೆ ಮುಖ್ಯವಾಗಿ ಉಣಿಸುವುದು ಹುಳು-ಹುಪ್ಪಟೆಗಳನ್ನು. ಅವು ಸಿಗಬೇಕಾದರೆ ಔಷಧಿ ಸಿಂಪಡಿಸದ ಗಿಡಗಳು ಬೇಕು, ಗೂಡಿಗೆ ಗೋಡೆಯಲ್ಲೋ ಸೂರಿನಲ್ಲೋ ಸಂದು ಬೇಕು. ದೇಶದ ಮಟ್ಟದಲ್ಲಿ ಗುಬ್ಬಚ್ಚಿ ಹೆಚ್ಚುಕಡಿಮೆ ಸ್ಥಿರವಾಗಿದ್ದರೂ ದೊಡ್ಡ ನಗರಗಳಲ್ಲಿ ಕಡಿಮೆಯಾಗಿದೆ ಎಂದು ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ನ 2020ರ ವರದಿಯೇ ಹೇಳಿತ್ತು. ಪಾರಿವಾಳವಾದರೋ ಚೆನ್ನಾಗಿ ಬೆಳೆಯುತ್ತಿರುವ ಹಕ್ಕಿಗಳ ಸಾಲಿನಲ್ಲಿದೆ.

ಹಾಗಾಗಿ ಕಾಳಿನ ಬದಲು ಎರಡು ಬೆರಳಿನಷ್ಟು ಆಳದ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ದಿನವೂ ತಿಕ್ಕಿ ತೊಳೆದು ಹೊಸ ನೀರು ತುಂಬಿ. ತೊಳೆಯುವುದು ಸಣ್ಣ ವಿಷಯವಲ್ಲ: ಬ್ರಿಟನ್ನಿನಲ್ಲಿ 2005ರಿಂದ ಗ್ರೀನ್‌ಫಿಂಚ್ ಹಕ್ಕಿಗಳನ್ನು ಭಾರೀ ಪ್ರಮಾಣದಲ್ಲಿ ಬಲಿ ತೆಗೆದುಕೊಂಡ ಗಂಟಲುರೋಗವು, ರೋಗದ ಹಕ್ಕಿಯ ಎಂಜಲು ತಾಗಿದ ಕಾಳು ಮತ್ತು ನೀರಿನ ಮೂಲಕವೇ ಹರಡುತ್ತದೆ. ಕಾಳು ನಿಲ್ಲಿಸಿದ ದಿನಾಂಕವನ್ನು ಗುರುತು ಮಾಡಿಟ್ಟುಕೊಂಡು, ಅದೇ ತಾರಸಿಯಲ್ಲಿ, ಅದೇ ವೇಳೆಯಲ್ಲಿ, ಅಷ್ಟೇ ನಿಮಿಷಗಳ ಎಣಿಕೆಯನ್ನು ಮುಂದುವರಿಸಿ. ಪಾರಿವಾಳಗಳು ಎಷ್ಟು ಕಡಿಮೆಯಾದವು, ನೀರಿಗೆ ಯಾವ ಹಕ್ಕಿಗಳು ಬರತೊಡಗಿದವು ಎಂಬುದು ನಿಮ್ಮ ಪಟ್ಟಿಯಲ್ಲೇ ಕಾಣಸಿಗುತ್ತದೆ.