ಒತ್ತಕ್ಷರ ಬಂದರೆ ಓದು ನಿಲ್ಲುತ್ತೆ ಅಂದಿದ್ದಕ್ಕೆ

ಟೀಚರ್, ಗದಗ ಕಡೆಯ ನಿಮ್ಮ ಶಾಲೆಯಲ್ಲಿ ಮೂರನೇ ಕ್ಲಾಸಿನ ಮಕ್ಕಳು ಒತ್ತಕ್ಷರ ಬಂದ ಕೂಡಲೇ ಓದು ನಿಲ್ಲಿಸ್ತಾರೆ, ಬಿಎಡ್‌ನಲ್ಲಿ ಓದಿದ ಬಂಡೂರ (ಮಕ್ಕಳು ಬೇರೆಯವರನ್ನು ನೋಡಿ ಕಲಿಯುತ್ತಾರೆ ಅಂದ ಮನಶ್ಶಾಸ್ತ್ರಜ್ಞ) ಇಲ್ಲಿ ಉಪಯೋಗಕ್ಕೆ ಬರ್ತಾರಾ ಅಂತ ಕೇಳಿದ್ದೀರಿ. ಖಂಡಿತ ಬರ್ತಾರೆ. ಅವರ 1961ರ ಬೊಬೊ ಗೊಂಬೆ (ಗಾಳಿ ತುಂಬಿದ ಗೊಂಬೆ) ಪ್ರಯೋಗದಲ್ಲಿ ದೊಡ್ಡವರು ಹೊಡೆಯುವುದನ್ನು ನೋಡಿಯೇ ಮಕ್ಕಳೂ ಗೊಂಬೆಗೆ ಹೊಡೆದರು, ಅಲ್ವಾ? ಓದನ್ನೂ ನೋಡಿ ಕಲಿಯಬಹುದು. ಆದರೆ ನೀವು ಸರಾಗವಾಗಿ ಓದಿದರೆ ಅವರಿಗೆ ಕಾಣುವುದೇನು? ಸುಮ್ನೆ ಬಾಯಿ ಆಡುವುದು.

ಎಡವಿ ತೋರಿಸಿ. ಧಾರವಾಡದಲ್ಲಿ ನಾನು ಬೋರ್ಡಿನ ಮೇಲೆ ‘ಅಗಸ್ತ್ಯ’ ಬರೆದು, ಬೆರಳಿಟ್ಟು, “ಅ... ಗ... ತಡಿ, ಸಕ್ಕೆ ತ ಒತ್ತು, ಮತ್ತೆ ಯ ಒತ್ತೂ ಇದೆ” ಅಂತ ಗಟ್ಟಿಯಾಗಿ ಯೋಚಿಸುತ್ತಿದ್ದೆ. ಆಮೇಲೆ ಜಾಣ ಹುಡುಗನಿಂದಲ್ಲ, ಸ್ವಲ್ಪ ತಡವರಿಸಿ ಓದುವವನಿಂದ ಓದಿಸಿ. ಅವನಿಗೇ ಬಂತು ಅಂದಮೇಲೆ ಉಳಿದವರಿಗೂ ಧೈರ್ಯ. ತಪ್ಪಿದಾಗ ಯಾರೂ ನಗದಂತೆ ನೋಡಿಕೊಳ್ಳಿ. ಒಬ್ಬನನ್ನು ನೋಡಿ ನಕ್ಕರೆ ಹಿಂದಿನ ಸಾಲು ಪೂರ್ತಿ ಬಾಯಿ ಮುಚ್ಚುತ್ತೆ.