ಮಾಸ್ಟರ್ ಪ್ಲಾನ್‌ನ ಪರಿಸರ ಅಧ್ಯಾಯ ಗಟ್ಟಿಯೋ ಜೊಳ್ಳೋ ಎಂದು ತಿಳಿಯುವುದು ಹೇಗೆ?

ನಿಮ್ಮ ಊರಿನ ಕರಡು ಮಾಸ್ಟರ್ ಪ್ಲಾನ್‌ನಲ್ಲಿ ಪರಿಸರಕ್ಕೆಂದೇ ಒಂದು ದೊಡ್ಡ ಅಧ್ಯಾಯವಿದೆ, ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆಯೋ ಅಥವಾ ಬರೀ ಕಣ್ಣೊರೆಸುವ ತಂತ್ರವೋ ಎಂದು ಕೇಳಿದ್ದೀರಿ. ಇಂಥ ಅಧ್ಯಾಯಗಳನ್ನು ಬರೆಯುವ ಕೆಲಸವನ್ನೇ ಕೆಲಕಾಲ ಮಾಡಿದವನಾಗಿ ಹೇಳುತ್ತೇನೆ: ಅದನ್ನು ಮೊದಲು ಓದಬೇಡಿ. ಅದನ್ನು ಚೆನ್ನಾಗಿ ಬರೆಯುವುದು ಬಹಳ ಸುಲಭ. ಮೊದಲು ಯಾವ ಜಾಗ ಯಾವ ಬಳಕೆಗೆ ಎಂದು ಬಣ್ಣದಲ್ಲಿ ತೋರಿಸುವ ಭೂಬಳಕೆ ನಕ್ಷೆಯನ್ನೂ, ಎಲ್ಲಿ ಏನು ಕಟ್ಟಬಹುದು ಎಂದು ಹೇಳುವ ವಲಯ ನಿಯಮಾವಳಿಯನ್ನೂ ಬಿಡಿಸಿಕೊಳ್ಳಿ. ಪರಿಸರದ ಕಾರಣಕ್ಕೆ ಬಣ್ಣ ಬದಲಾದ ಒಂದು ಸರ್ವೆ ನಂಬರಾದರೂ ಅಲ್ಲಿದೆಯೇ? ವಸತಿಗೆ ಕೊಡಬಹುದಾಗಿದ್ದ ಜಾಗವನ್ನು ನೀರಿನ ಸಲುವಾಗಿ ಬೇಡವೆಂದು ಬಿಟ್ಟದ್ದಿದೆಯೇ? ಇಲ್ಲವಾದರೆ ಅಧ್ಯಾಯ ಎಷ್ಟೇ ದಪ್ಪವಿದ್ದರೂ ಬಾಗಿಲಿಗೆ ಕಟ್ಟಿದ ತೋರಣ ಅಷ್ಟೆ.

ನಿಯಮಾವಳಿಯಲ್ಲಿ ಕಾಯ್ದಿರಿಸಿದ ಅಂತರದ, ಅಂದರೆ ಕೆರೆ-ಕಾಲುವೆಗಳ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗದ ಅಂಕಿ ಕಂಡರೆ ಅದನ್ನು ಎಲ್ಲಿಂದ ಅಳೆಯುತ್ತಾರೆ ಎಂದೂ ನೋಡಿ. 2007ರಲ್ಲಿ ಒಪ್ಪಿಗೆ ಪಡೆದ ಬೆಂಗಳೂರಿನ ‘ಪರಿಷ್ಕೃತ ಮಾಸ್ಟರ್ ಪ್ಲಾನ್ 2015’ ಕೆರೆಗೆ 30 ಮೀಟರ್, ಮಳೆನೀರು ಹರಿಯುವ ರಾಜಕಾಲುವೆಗಳಿಗೆ ದರ್ಜೆಗೆ ತಕ್ಕಂತೆ 50, 25 ಮತ್ತು 15 ಮೀಟರ್ ಗೊತ್ತುಮಾಡಿತು. ಆದರೆ ಕಾಲುವೆಯ ಅಂತರವನ್ನು ಅಳೆಯುವುದು ದಂಡೆಯಿಂದಲ್ಲ, ನಟ್ಟನಡುವಿನಿಂದ. 50 ಮೀಟರ್ ಅಂತರ ಗೊತ್ತುಮಾಡಿದ ಕಾಲುವೆ 30 ಮೀಟರ್ ಅಗಲವಿದ್ದರೆ ದಂಡೆಯಾಚೆ ಉಳಿಯುವುದು 35 ಮೀಟರ್ ಮಾತ್ರ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಅಂತರವನ್ನು 75 ಮೀಟರ್‌ಗೆ ಏರಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಶಾಸನಬದ್ಧ ಪ್ಲಾನ್ ಬದಲಿಸಿ ಎಂದು ಹೇಳುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂದಿತು. ಹಾಗಾಗಿ ಜಗಳವಾಡುವುದಿದ್ದರೆ ಕರಡಿನ ಹಂತದಲ್ಲೇ ಆಡಬೇಕು.

ಅಂತರ ಧಾರಾಳವಾಗಿದ್ದ ಮಾತ್ರಕ್ಕೆ ಪ್ಲಾನ್ ಒಳ್ಳೆಯದು ಎಂದೂ ಅಲ್ಲ. ಬೆಂಗಳೂರಿಗೆ ಕುಡಿಯುವ ನೀರಿಗಾಗಿ ಅರ್ಕಾವತಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯವನ್ನೇ ನೋಡಿ. ಅದರ ಜಲಾನಯನ ಪ್ರದೇಶವನ್ನು ಉಳಿಸಲು ಸರ್ಕಾರ 2003ರಲ್ಲಿ ಹೊರಡಿಸಿದ ಆದೇಶದಲ್ಲಿ ಜಲಾಶಯದ ಸುತ್ತ ಮತ್ತು ಅರ್ಕಾವತಿ, ಕುಮುದ್ವತಿ ನದಿಗಳ ಇಕ್ಕೆಲಗಳಲ್ಲಿ ಕಿಲೋಮೀಟರ್ ಲೆಕ್ಕದಲ್ಲಿ ನಿರ್ಬಂಧದ ವಲಯಗಳಿದ್ದವು. ಅಷ್ಟು ದಿಟ್ಟವಾದ ಆದೇಶ ನಮ್ಮಲ್ಲಿ ಅಪರೂಪ. ಆದರೂ ಬತ್ತಿದ್ದ ಅರ್ಕಾವತಿ ಮತ್ತೆ ಮೊದಲಿನಂತೆ ಹರಿಯಲಿಲ್ಲ. ಪರಿಸರ ಸಂಶೋಧನೆ ನಡೆಸುವ ಬೆಂಗಳೂರಿನ ಎಟ್ರೀ ಸಂಸ್ಥೆಯ ಸಂಶೋಧಕರು ಕಾರಣ ಹುಡುಕಿದಾಗ ಮಳೆ ಕಡಿಮೆಯಾದದ್ದು ಮುಖ್ಯ ಕಾರಣವಾಗಿ ಕಾಣಲಿಲ್ಲ. ಅವರು ಬೊಟ್ಟು ಮಾಡಿದ್ದು ಕೊಳವೆಬಾವಿಗಳತ್ತ, ನೀಲಗಿರಿ ತೋಪುಗಳತ್ತ. ಕಟ್ಟಡವನ್ನು ನದಿಯಿಂದ ಎಷ್ಟು ದೂರ ಸರಿಸಿದರೂ ಇವೆರಡಕ್ಕೆ ಅದು ತಾಗುವುದಿಲ್ಲ. ನಿಮ್ಮ ಕರಡಿನಲ್ಲಿಯೂ ಇದನ್ನೇ ಹುಡುಕಿ. ಊರಿನ ನೀರು ಹಾಳಾಗುತ್ತಿರುವುದು ಯಾವುದರಿಂದ ಎಂದು ಹೇಳಿದ್ದಾರೆಯೇ? ಹೇಳಿದ ಕಾರಣಕ್ಕೂ ಹಾಕಿದ ನಿಯಮಕ್ಕೂ ಸಂಬಂಧವಿದೆಯೇ?

ಇದನ್ನೆಲ್ಲ ಮುಂದೆ ಪರಿಸರ ಅನುಮತಿ ಕೊಡುವಾಗ ನೋಡುತ್ತಾರೆ ಎಂದು ಕಚೇರಿಯಲ್ಲಿ ಸಮಾಧಾನ ಹೇಳಿಯಾರು. ನಂಬಬೇಡಿ. ಕೇಂದ್ರದ 2006ರ ಅಧಿಸೂಚನೆಯಂತೆ ಕಟ್ಟಡ ಯೋಜನೆಗಳಿಗೆ ಆ ಅನುಮತಿ ಬೇಕಾಗುವುದು ನಿರ್ಮಾಣದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದ ಮೇಲೆ, ಅದೂ ಒಂದೊಂದು ಯೋಜನೆಗೆ ಬಿಡಿಬಿಡಿಯಾಗಿ. ಒಂದೇ ಕಣಿವೆಯಲ್ಲಿ ಸಣ್ಣಸಣ್ಣ ಬಡಾವಣೆಗಳು ಸಾಲಾಗಿ ಎದ್ದರೆ ಒಟ್ಟು ಕೊಳಚೆ ನೀರು ಯಾವ ಕೆರೆ ಸೇರುತ್ತದೆ ಎಂಬ ಲೆಕ್ಕ ಆ ಕಡತಗಳಲ್ಲಿ ಬರುವುದಿಲ್ಲ. ಯುರೋಪಿನಲ್ಲಿ 2001ರ ನಿರ್ದೇಶನದಿಂದಾಗಿ ಪ್ಲಾನ್ ಮಾಡುವ ಹಂತದಲ್ಲೇ ಪರಿಣಾಮ ಅಳೆಯಬೇಕು, ಪರ್ಯಾಯಗಳನ್ನೂ ತೂಗಿ ನೋಡಬೇಕು. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲ. ಆದರೂ ಊರು ಬೇರೆ ದಿಕ್ಕಿಗೆ ಬೆಳೆದರೆ ಏನಾಗುತ್ತದೆ ಎಂದು ನಿಮ್ಮ ಕರಡು ಎಲ್ಲಾದರೂ ಕೇಳಿಕೊಂಡಿದ್ದರೆ ನಾನು ಅದಕ್ಕೆ ಅರ್ಧ ಅಂಕ ಅಲ್ಲೇ ಕೊಡುತ್ತೇನೆ.

ಹಿಂದಿನ ಪ್ಲಾನ್ ಇದ್ದಾಗ, ಭೂಬಳಕೆ ಬದಲಾವಣೆಗೆ ಅವಕಾಶ ಕೊಡುವ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮಿನಡಿ ಎಷ್ಟು ಕಡೆ ಭೂಬಳಕೆ ಬದಲಿಸಿದ್ದಾರೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಹೊಸ ವಲಯಗಳ ಆಯುಸ್ಸು ಎಷ್ಟೆಂಬ ಅಂದಾಜು ಅದರಿಂದಲೇ ಸಿಗುತ್ತದೆ.

ಇವತ್ತೇ ಮಾಡಬಹುದಾದ ಕೆಲಸವೊಂದಿದೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯನ್ನು ಕರಡು ನಕ್ಷೆಯ ಪಕ್ಕಕ್ಕಿಟ್ಟು, ಕಾಲುವೆಗಳನ್ನು ಒಂದೊಂದಾಗಿ ಬೆರಳಿಟ್ಟು ಹಿಂಬಾಲಿಸಿ. ಗ್ರಾಮ ನಕ್ಷೆಯಲ್ಲಿರುವ ಗೆರೆ ಕರಡಿನಲ್ಲಿ ನಡುದಾರಿಯಲ್ಲಿ ಮಾಯವಾಗಿದ್ದರೆ ಆ ಸರ್ವೆ ನಂಬರ್ ಬರೆದುಕೊಂಡು ಸ್ಥಳಕ್ಕೆ ಹೋಗಿ ಫೋಟೊ ತೆಗೆಯಿರಿ. ‘ಪರಿಸರ ಉಳಿಸಿ’ ಎಂಬ ಆಕ್ಷೇಪಣೆಗೆ ‘ಗಮನಿಸಲಾಗಿದೆ’ ಎಂದು ಷರಾ ಬರೆದು ಮುಗಿಸುತ್ತಾರೆ. ಸರ್ವೆ ನಂಬರ್, ನಕ್ಷೆ, ಫೋಟೊ ಇರುವ ಆಕ್ಷೇಪಣೆಯನ್ನು ಹಾಗೆ ಮುಗಿಸುವುದು ಕಷ್ಟ. ಗಡುವಿನೊಳಗೆ ಕೊಡಿ, ಮೊಹರು ಹಾಕಿದ ಸ್ವೀಕೃತಿ ಪಡೆಯದೆ ಮೇಜು ಬಿಟ್ಟು ಏಳಬೇಡಿ.